ಗೋಡೆಗೆ ಅಂಟಿಸಿದ ಬಾಳೆಹಣ್ಣು ನೋಡಿ ನಗಬಹುದೇ?

ಓದುಗರ ಪ್ರಶ್ನೆ, ಕಲಬುರಗಿಯ ಡ್ರಾಯಿಂಗ್ ಮಾಸ್ತರರ ಉತ್ತರ

ಹೋದ ಸಂಚಿಕೆಯಲ್ಲಿ ತುಂಟ ಕಲಾವಿದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲದೆ, ಆಟ ಆಡುತ್ತಲೇ ಕೆಲಸ ಮಾಡುವವರು ನನಗೆ ತುಂಬ ಇಷ್ಟ ಅಂತ. ಅದಕ್ಕೇ ಇಷ್ಟೊಂದು ಪತ್ರಗಳು ಬಂದಿವೆ. ಕೆಲವರಿಗೆ ಸಿಟ್ಟು ಬಂದಿದೆ, ಕೆಲವರಿಗೆ ಕುತೂಹಲ. ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ಮಾಸ್ತರರೇ, ಟೇಪ್ ಹಚ್ಚಿ ಗೋಡೆಗೆ ಅಂಟಿಸಿದ ಒಂದು ಬಾಳೆಹಣ್ಣು ಕೋಟ್ಯಂತರ ರೂಪಾಯಿಗೆ ಹೋಯಿತಂತೆ. ಇದೂ ಕಲೆಯೇ? ಎಸ್.ಎಂ. ಪಂಡಿತರು ಹುಟ್ಟಿದ ಊರಿನಲ್ಲಿ ಕೂತು ಇಂಥದ್ದನ್ನು ಹೊಗಳುವುದು ಸರಿಯೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಹುಮನಾಬಾದ್

ಉತ್ತರ: ಸರ್, ಪಂಡಿತರ ಹೆಸರು ತೆಗೆದಿರಿ, ಖುಷಿಯಾಯಿತು. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ಎಷ್ಟೋ ಮನೆಗಳ ಗೋಡೆ ಸೇರಿದವರು ಅವರು. ಅವರು ಬರೆದ ದೇವರ ಮೈಬಣ್ಣ, ಬಟ್ಟೆಯ ಮಡಿಕೆ, ಆಭರಣದ ಹೊಳಪು ನೋಡುತ್ತಲೇ ನಾನು ಕುಂಚ ಹಿಡಿಯಲು ಕಲಿತೆ. ಆದರೆ ಒಂದು ಮಾತು ನೆನಪಿಡಿ. ಕ್ಯಾಲೆಂಡರ್ ಚಿತ್ರವನ್ನು ಕೂಡ "ಇದು ಬಜಾರಿನ ಮಾಲು, ಕಲೆಯಲ್ಲ" ಎಂದು ಪಕ್ಕಕ್ಕೆ ಸರಿಸಿದವರು ಬಹಳ ಮಂದಿ ಇದ್ದರು. ಯಾವುದು ಕಲೆ, ಯಾವುದಲ್ಲ ಎಂದು ಗೆರೆ ಎಳೆಯುವವರ ಕೈ ಎಲ್ಲ ಕಾಲದಲ್ಲೂ ಜೋರು.

ಈಗ ಬಾಳೆಹಣ್ಣಿನ ವಿಷಯ. ಇಟಲಿಯ ಮೌರಿಜಿಯೊ ಕ್ಯಾಟೆಲಾನ್ ಇದನ್ನು ಮೊದಲು ಅಂಟಿಸಿದ್ದು 2019ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಯಾಮಿಯಲ್ಲಿ ನಡೆದ ದೊಡ್ಡ ಕಲಾ ಮೇಳದಲ್ಲಿ. ಅದು ಶ್ರೀಮಂತರು ಚಿತ್ರ ಕೊಳ್ಳಲೆಂದೇ ಬರುವ ಸಂತೆ. ಅಲ್ಲಿ ಬೂದು ಬಣ್ಣದ ಅಗಲ ಟೇಪಿನಡಿ ಒಂದು ಹಣ್ಣು. ಬೆಲೆ 1,20,000 ಡಾಲರ್! ಕೊಂಡವರಿಗೆ ಸಿಗುವುದು ಒಂದು ಸರ್ಟಿಫಿಕೇಟು, ಜೊತೆಗೆ ಹೇಗೆ ಅಂಟಿಸಬೇಕು ಎಂಬ ಸೂಚನೆ. ಹಣ್ಣು ಕೊಳೆತರೆ ಬೇರೆ ತಂದು ಅಂಟಿಸಿಕೊಳ್ಳಬೇಕು. ಮೇಳದಲ್ಲೇ ಇನ್ನೊಬ್ಬ ಕಲಾವಿದ ಬಂದು ಅದನ್ನು ಸುಲಿದು ತಿಂದ. ಗ್ಯಾಲರಿಯವರು ಇನ್ನೊಂದು ಅಂಟಿಸಿದರು. ಚಿತ್ರಗಳನ್ನು ಆಸ್ತಿಪತ್ರದ ಹಾಗೆ ಕೊಂಡು ಪೆಟ್ಟಿಗೆಯಲ್ಲಿಡುವವರ ಮುಖಕ್ಕೇ ಹಿಡಿದ ಕನ್ನಡಿ ಅದು. ಬೆಲೆ ಎಲ್ಲಿಂದ ಬರುತ್ತದೆ ಎಂದು ಅಷ್ಟು ಸಲೀಸಾಗಿ ಎಲ್ಲರೂ ಕೇಳುವಂತೆ ಮಾಡಿದ ಕೆಲಸ ಈಚೆಗೆ ಇನ್ನೊಂದಿಲ್ಲ. ನೀವೂ ಅದನ್ನೇ ಕೇಳಿದ್ದೀರಿ, ಅಲ್ವಾ?

ಆದರೆ 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಆದದ್ದು ನನಗೆ ಸರಿ ಕಾಣಲಿಲ್ಲ. ಕ್ರಿಪ್ಟೊ, ಅಂದರೆ ಡಿಜಿಟಲ್ ಹಣದ ಉದ್ಯಮಿಯೊಬ್ಬರು ಅದನ್ನು 62 ಲಕ್ಷ ಡಾಲರ್‌ಗೆ ಕೊಂಡರು. ಆಮೇಲೆ ಪತ್ರಕರ್ತರನ್ನು ಕರೆದು ಅವರ ಮುಂದೆ ತಿಂದರು. ಹರಾಜಿಗಿಟ್ಟ ಹಣ್ಣನ್ನು ಬೀದಿ ಬದಿಯ ಅಂಗಡಿಯಿಂದ 35 ಸೆಂಟ್‌ಗೆ ತಂದಿದ್ದರು. ಆ ಅಂಗಡಿಯಲ್ಲಿ ಹಣ್ಣು ಮಾರಿದವರು ಬಾಂಗ್ಲಾದೇಶದಿಂದ ಹೋಗಿ ಅಲ್ಲಿ ಗಂಟೆಗೆ 12 ಡಾಲರ್ ಕೂಲಿಗೆ ನಿಂತಿದ್ದ ವಯಸ್ಸಾದ ಮನುಷ್ಯ. ಹಣ್ಣು ಎಷ್ಟಕ್ಕೆ ಹೋಯಿತು ಎಂದು ಪತ್ರಕರ್ತರು ಹೇಳಿದಾಗ ಅವರು ಅತ್ತರು ಎಂದು ಪತ್ರಿಕೆಯಲ್ಲಿ ಓದಿದೆ. ಮೊದಲ ಸಲ ನಗು ತಿರುಗಿದ್ದು ಹಣದ ಚೀಲ ಹಿಡಿದವರ ಕಡೆಗೆ. ಐದು ವರ್ಷದಲ್ಲಿ ಅದು ತಳ್ಳುಗಾಡಿಯ ಹಿಂದೆ ನಿಂತವರ ಕಡೆಗೆ ತಿರುಗಿತು. ಹಣ್ಣು, ಟೇಪು, ಸರ್ಟಿಫಿಕೇಟು ಎಲ್ಲ ಅವೇ. ಮೊದಲನೆಯದನ್ನು ನಾನು ಹೊಗಳುತ್ತೇನೆ, ಎರಡನೆಯದನ್ನು ಇಲ್ಲ.

ಪ್ರಶ್ನೆ: ನಾನು ಬಿ.ಎಫ್.ಎ. ಓದುತ್ತಿದ್ದೇನೆ. ಡುಶಾಂಪ್ ಅವರ ಮೂತ್ರದ ಬೇಸಿನ್ ಫೋಟೋ ಪರದೆಯ ಮೇಲೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಪಾಠ ಮಾಡುತ್ತಿದ್ದವರು ಬೈದರು. "ಇದು ಇಪ್ಪತ್ತನೇ ಶತಮಾನದ ದೊಡ್ಡ ಕೃತಿ, ಗಂಭೀರವಾಗಿ ನೋಡು" ಅಂದರು. ನಗುವುದು ತಪ್ಪಾ ಸರ್?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಗಮ್ಮಾ, ಚೆನ್ನಾಗಿ ನಗು. ನಕ್ಕ ಮೇಲೆ ಆ ಕತೆಯನ್ನು ಪೂರ್ತಿ ಕೇಳು.

1917, ನ್ಯೂಯಾರ್ಕ್. ಸ್ವತಂತ್ರ ಕಲಾವಿದರ ಹೊಸ ಸಂಘವೊಂದು ಪ್ರದರ್ಶನ ಇಟ್ಟಿತು. ಆರು ಡಾಲರ್ ಶುಲ್ಕ ಕೊಟ್ಟರೆ ಯಾರ ಕೆಲಸವನ್ನಾದರೂ ಇಡುತ್ತೇವೆ, ಆಯ್ಕೆ ಸಮಿತಿ ಇಲ್ಲ, ಬಹುಮಾನ ಇಲ್ಲ ಎಂದು ಸಾರಿತು. ಫ್ರಾನ್ಸಿನ ಕಲಾವಿದ ಮಾರ್ಸೆಲ್ ಡುಶಾಂಪ್ ಸ್ವತಃ ಆ ಸಂಘದ ಪದಾಧಿಕಾರಿ. ಅವರು ಏನು ಮಾಡಿದರು? ಅಂಗಡಿಯಲ್ಲಿ ಸಿಗುವ ಪಿಂಗಾಣಿ ಬೇಸಿನ್ ಒಂದನ್ನು ಬೆನ್ನ ಮೇಲೆ ಮಲಗಿಸಿ, "ಆರ್. ಮಟ್, 1917" ಎಂದು ಸುಳ್ಳು ಹೆಸರಿನ ಸಹಿ ಹಾಕಿ, ಶುಲ್ಕದ ಜೊತೆ ಕಳಿಸಿದರು. ಒಳಗೆ ದೊಡ್ಡ ಜಗಳ ಆಯಿತು. ಕೊನೆಗೆ ಅದನ್ನು ಪ್ರದರ್ಶನಕ್ಕೆ ಇಡಲೇ ಇಲ್ಲ. ಡುಶಾಂಪ್ ರಾಜೀನಾಮೆ ಕೊಟ್ಟು ಹೊರಬಂದರು. ಮೂಲ ಬೇಸಿನ್ ಕಳೆದುಹೋಯಿತು. ಆಲ್ಫ್ರೆಡ್ ಸ್ಟೀಗ್ಲಿಟ್ಜ್ ತೆಗೆದ ಒಂದು ಫೋಟೋ ಉಳಿಯಿತು. ಮ್ಯೂಸಿಯಂಗಳಲ್ಲಿ ಈಗ ಇರುವುದು ಡುಶಾಂಪ್ ಒಪ್ಪಿಗೆಯಿಂದ ಎಷ್ಟೋ ವರ್ಷಗಳ ನಂತರ ಮಾಡಿದ ಪ್ರತಿಗಳು.

ಯಾರು ಬೇಕಾದರೂ ಬನ್ನಿ ಎಂದವರ ಮಾತು ಎಷ್ಟು ಗಟ್ಟಿ ಎಂದು ಅವರು ಬಡಿದು ನೋಡಿದರು. ಮಾತು ಟೊಳ್ಳು ಎಂದು ತಿಳಿಯಿತು. ಇದನ್ನು ಭಾಷಣ ಮಾಡಿ ಹೇಳಿದ್ದರೆ ನೂರು ವರ್ಷ ಆದ ಮೇಲೆ ಕಲಬುರಗಿಯ ಕ್ಲಾಸಿನಲ್ಲಿ ಒಬ್ಬ ಹುಡುಗಿ ನಗುತ್ತಿದ್ದಳೇ? ನಿನ್ನ ನಗುವಿನಲ್ಲಿ ಆ ಕೆಲಸ ಇನ್ನೂ ಜೀವ ಹಿಡಿದಿದೆ. ಗಂಭೀರವಾಗಿ ಮುಖ ಬಿಗಿದು ನೋಡಿದವರ ಮುಂದೆ ಅದು ಬರೀ ಪಿಂಗಾಣಿ.

ಇನ್ನೊಂದು ಮಾತು. ನಮ್ಮೂರಿನಲ್ಲಿ ಚಿತ್ರ ಪ್ರದರ್ಶನ ಇದ್ದಾಗ ನಾನು ಬಾಗಿಲ ಹತ್ತಿರ ಕೂರುತ್ತೇನೆ, ಬಂದವರನ್ನು ನೋಡಲಿಕ್ಕೆ. ಹೊರಗೆ ಚಪ್ಪಲಿ ಬಿಡುತ್ತಾರೆ, ಬಿಡಿ ಅಂತ ಯಾರೂ ಹೇಳಿರುವುದಿಲ್ಲ. ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಚಿತ್ರಕ್ಕಿಂತ ಜಾಸ್ತಿ ಹೊತ್ತು ಕೆಳಗಿನ ಚೀಟಿ ಓದುತ್ತಾರೆ. ಹೇಗನ್ನಿಸಿತು ಎಂದರೆ "ನಮಗೇನ್ ತಿಳೀತದರೀ ಸರ" ಎಂದು ಹೊರಟುಬಿಡುತ್ತಾರೆ. ಇದೇ ಜನ ಶರಣಬಸವೇಶ್ವರ ಜಾತ್ರೆಯಲ್ಲಿ ಫೋಟೋ ಸ್ಟುಡಿಯೋದ ಬಣ್ಣದ ಪರದೆ ಮುಂದೆ ನಿಂತು, ತಾಜಮಹಲಿನ ಗುಮ್ಮಟ ಸೊಟ್ಟ ಆಗಿದೆ, ನವಿಲಿನ ಕುತ್ತಿಗೆ ಗಿಡ್ಡ ಆಗಿದೆ ಎಂದು ಸರಿಯಾಗಿ ತಪ್ಪು ಹಿಡಿಯುತ್ತಾರೆ. ಕಣ್ಣು ಇದೆ, ಹೆದರಿಕೆ ಅದನ್ನು ಮುಚ್ಚುತ್ತದೆ. ತುಂಟ ಕೆಲಸದ ಮುಂದೆ ಮಾತ್ರ ಆ ಹೆದರಿಕೆ ಬಿಡುತ್ತದೆ. ನಗು ಅಪ್ಪಣೆ ಕೇಳಿ ಬರುವುದಿಲ್ಲವಲ್ಲ. ಒಮ್ಮೆ ನಕ್ಕವರು ಪಕ್ಕದವರ ಕಡೆ ತಿರುಗುತ್ತಾರೆ, ಮಾತು ಶುರುವಾಗುತ್ತದೆ, ತಿರುಗಿ ಬಂದು ಇನ್ನೊಮ್ಮೆ ನೋಡುತ್ತಾರೆ. ಈ ಕಲಾವಿದರ ಸೆಳೆತ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ನೋಡುವವನ ಎದೆಯಲ್ಲಿದ್ದ ಅಂಜಿಕೆಯನ್ನು ಅವರು ಮೊದಲು ತೆಗೆದು ಹಾಕುತ್ತಾರೆ.

ಪ್ರಶ್ನೆ: ಇದೆಲ್ಲ ಯುರೋಪು, ಅಮೆರಿಕದ ಹೊಟ್ಟೆ ತುಂಬಿದವರ ಆಟ ಅನ್ನಿಸುತ್ತದೆ. ನಮ್ಮ ಕಡೆ ಇಂಥದ್ದು ಇತ್ತೇ? ದೇವರು, ಗುರು, ಹಿರಿಯರು ಅಂದರೆ ನಮಗೆ ಭಕ್ತಿ ಜಾಸ್ತಿ ತಾನೇ?
— ಶಿಕ್ಷಕಿ, ಸುರಪುರ

ಉತ್ತರ: ಭಕ್ತಿ ಇದ್ದಲ್ಲೇ ತುಂಟತನವೂ ಜಾಸ್ತಿ ಮೇಡಂ, ನಮ್ಮ ನೆಲವೇ ಸಾಕ್ಷಿ. ಬಸವಕಲ್ಯಾಣ ನಮ್ಮ ಸೀಮೆಯದೇ. ಕಲ್ಲು ನಾಗರಕ್ಕೆ ಹಾಲೆರೆದು ನಿಜ ನಾಗರ ಕಂಡರೆ ಬಡಿಯಿರಿ ಎನ್ನುವವರನ್ನು ಬಸವಣ್ಣ ಹಿಡಿದು ನಿಲ್ಲಿಸಿದ ರೀತಿ ನೆನಪಿಸಿಕೊಳ್ಳಿ. ಅಲ್ಲಮನ ಬೆಡಗಿನ ವಚನಗಳಂತೂ ಓದುವವರ ಬುದ್ಧಿಯ ಜೊತೆ ಕಣ್ಣಾಮುಚ್ಚಾಲೆ ಆಡುತ್ತವೆ. ನಮ್ಮ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆಯಲ್ಲಿ ಕೇಳಿದ್ದೀರಲ್ಲ? ಕಳ್ಳ ಗುರುಗಳನ್ನು, ಜಾತಿಯ ಜಂಬವನ್ನು ಅವರು ಹಾಡಿನಲ್ಲೇ ಎಳೆದಾಡುತ್ತಾರೆ. ಅವರ ಶಿಷ್ಯ ಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಇದ್ದರು. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯೆಲ್ಲ ಹಾಡುವ ನಮ್ಮ ರೈತರು ಆ ಪದಗಳಿಗೆ ನಗುತ್ತಲೇ ತಲೆದೂಗುತ್ತಾರೆ.

ಹಗಲುವೇಷದವರನ್ನು ಮರೆಯುವ ಹಾಗಿಲ್ಲ. ನಾನು ಹುಡುಗನಾಗಿದ್ದಾಗ ನೆಹರೂ ಗಂಜಿನ ಕಡೆ ಒಬ್ಬರು ಬರುತ್ತಿದ್ದರು. ಒಂದು ದಿನ ರಾಮ, ಮರುದಿನ ರಾವಣ. ಕೊನೆಯ ದಿನ ಮಾತ್ರ ಇನ್‌ಸ್ಪೆಕ್ಟರ್ ವೇಷ. ತಗಡಿನ ಬಿಲ್ಲೆ, ಕಂಕುಳಲ್ಲಿ ಹಳೇ ರಿಜಿಸ್ಟರು, ಕಿವಿಯಲ್ಲಿ ಪೆನ್ಸಿಲು. ತೊಗರಿ ಅಡತಿ ಅಂಗಡಿಗೆ ನೇರ ಹೋಗಿ ಗಾದಿ ಮೇಲೆ ಕೂತು "ಲೆಕ್ಕ ತೆಗೀರಿ" ಎನ್ನುತ್ತಿದ್ದರು. ತಕ್ಕಡಿಯ ಕೆಳಗೆ ಕೈ ಹಾಕಿ ಹುಡುಕುವ ಹಾಗೆ ಮಾಡುತ್ತಿದ್ದರು. ಹಮಾಲರು ಚೀಲ ಇಳಿಸುವುದು ಬಿಟ್ಟು ಸುತ್ತ ನಿಂತು ನಗುತ್ತಿದ್ದರು. ಸಾಹುಕಾರರೂ ನಗಲೇಬೇಕು, ನಗದಿದ್ದರೆ ತಕ್ಕಡಿಯಲ್ಲಿ ಏನೋ ಇದೆ ಎಂದಾಗುತ್ತದೆ! ಆಮೇಲೆ ಅವರೇ ಒಂದು ಬೊಗಸೆ ಬೇಳೆ ಜಾಸ್ತಿ ಹಾಕಿ ಕಳಿಸುತ್ತಿದ್ದರು. ಆ ಮನುಷ್ಯನ ಮುಂದೆ ಕ್ಯಾಟೆಲಾನ್ ಆಗಲಿ ಡುಶಾಂಪ್ ಆಗಲಿ ಹೆಚ್ಚೇನೂ ಅಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಚಿತ್ರಕಲೆಯಲ್ಲಿ ಹತ್ತಿರದ ಉದಾಹರಣೆ ಬೇಕೆಂದರೆ ಭೂಪೇನ್ ಖಖ್ಖರ್. ಹುಟ್ಟಿದ್ದು 1934ರಲ್ಲಿ ಮುಂಬೈಯಲ್ಲಿ, ಬಾಳಿದ್ದು ಬರೋಡಾದಲ್ಲಿ, ತೀರಿಕೊಂಡದ್ದು 2003ರಲ್ಲಿ. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಲೆಕ್ಕ ಬರೆಯುವ ನೌಕರಿ ಮಾಡುತ್ತಲೇ ಚಿತ್ರ ಬರೆದರು. 1960ರ ದಶಕದಲ್ಲಿ ಬಜಾರಿನ ದೇವರ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಕೊಲಾಜ್ ಮಾಡಿದರು. ಗೌರವಸ್ಥರಿಗೆ ಮುಜುಗರ ಆಯಿತು. ನೋಡಿ, ಪಂಡಿತರಂಥವರು ಕೆಲಸ ಮಾಡಿದ ಆ ಕ್ಯಾಲೆಂಡರ್ ಲೋಕವನ್ನು ಗ್ಯಾಲರಿಯ ಒಳಗೆ ತಂದವರು ಇಂಥ ತುಂಟರೇ. (ಹುಮನಾಬಾದಿನ ಸರ್ ಇದನ್ನೂ ಓದಲಿ.) ಮುಂದೆ ಖಖ್ಖರ್ ಕ್ಷೌರದ ಅಂಗಡಿ, ಟೈಲರ್ ಅಂಗಡಿ, ಗಡಿಯಾರ ರಿಪೇರಿಯವರ ಚಿತ್ರ ಬರೆದರು. ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ಸಾಲಾಗಿ ಕಾಣುವ ಅಂಗಡಿಗಳ ಥರವೇ, ಗಾಢ ಬಣ್ಣದ ಗೋಡೆ, ಬೋರ್ಡಿನ ಮೇಲೆ ಅಚ್ಚುಕಟ್ಟು ಅಕ್ಷರ, ನಡುವೆ ಗಂಭೀರವಾಗಿ ಕೂತ ಮನುಷ್ಯ. ಅಂಗಡಿಯವನನ್ನು ಅವರು ಗೇಲಿ ಮಾಡುವುದಿಲ್ಲ. ದೊಡ್ಡ ಚಿತ್ರಕ್ಕೆ ದೊಡ್ಡ ವಿಷಯವೇ ಬೇಕು ಎನ್ನುವವರನ್ನು ಮಾಡುತ್ತಾರೆ.

1981ರಲ್ಲಿ ಅವರು ಬರೆದ ಒಂದು ದೊಡ್ಡ ಚಿತ್ರದ ಹೆಸರು "ಎಲ್ಲರನ್ನೂ ಮೆಚ್ಚಿಸಲಾಗದು". ಅಪ್ಪ, ಮಗ, ಕತ್ತೆಯ ಕತೆ ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಯಾರು ಕತ್ತೆ ಏರಿದರೂ ದಾರಿಯವರು ಬೈಯುತ್ತಾರಲ್ಲ, ಅದೇ. ಕೆಳಗೆ ಊರಿನಲ್ಲಿ ಆ ಕತೆ ಅಲ್ಲಲ್ಲಿ ತುಣುಕಾಗಿ ನಡೆಯುತ್ತಿರುತ್ತದೆ. ಮುಂದೆ ಬಾಲ್ಕನಿಯಲ್ಲಿ ಬತ್ತಲೆ ಗಂಡಸೊಬ್ಬ ನಮಗೆ ಬೆನ್ನು ಹಾಕಿ ನಿಂತು ಅದನ್ನು ನೋಡುತ್ತಿರುತ್ತಾನೆ. ಗಂಡಸರನ್ನು ಪ್ರೀತಿಸುವ ತಮ್ಮ ಬದುಕನ್ನು ಖಖ್ಖರ್ ಮುಚ್ಚಿಡದೆ ಬರೆಯಲು ಶುರು ಮಾಡಿದ ಕಾಲ ಅದು. ಮಕ್ಕಳ ಕತೆಯನ್ನು ಹಿಡಿದು ಅಷ್ಟು ಕಷ್ಟದ ಮಾತು ಹೇಳಿದರು. ಅದಕ್ಕೆ ಎಂಥ ಎದೆಗಾರಿಕೆ ಬೇಕು! ಆ ಚಿತ್ರ ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. 2016ರಲ್ಲಿ ಅಲ್ಲಿ ನಡೆದ ಅವರ ದೊಡ್ಡ ಪ್ರದರ್ಶನಕ್ಕೂ ಅದೇ ಹೆಸರಿಟ್ಟರು.

ಪ್ರಶ್ನೆ: ನಮ್ಮದು ಬಿದ್ರಿ ಕೆಲಸ. ಬೆಳ್ಳಿ ತಂತಿ ಕೂಡಿಸುವಾಗ ಕೈ ಒಂದು ಕೂದಲು ಜರುಗಿದರೂ ಮಾಲು ಕೆಟ್ಟಿತು. ಇವರಿಗೆ ಕೈಚಳಕವೇ ಬೇಡವೇ? ಸುಮ್ನೆ ಏನೋ ಒಂದು ಇಟ್ಟು ಹೆಸರು ಮಾಡುವುದು ಸುಲಭ ಅಲ್ಲವೇ?
— ಕುಶಲಕರ್ಮಿ, ಬೀದರ್

ಉತ್ತರ: ಉಸ್ತಾದರೇ, ಸತು–ತಾಮ್ರದ ಎರಕದ ಮೇಲೆ ಬಳ್ಳಿ ಕೊರೆದು, ಬೆಳ್ಳಿ ಬಡಿದು ಕೂಡಿಸಿ, ಕೋಟೆಯ ಮಣ್ಣು ಹಾಕಿ ಕಪ್ಪು ಬರಿಸುವ ನಿಮ್ಮಂಥವರು ಕೇಳಿದ ಪ್ರಶ್ನೆ ಇದು. ಅದಕ್ಕೇ ಇಬ್ಬರು ಮೂವರು ಕೆಲಸಗಾರರನ್ನೇ ನಿಮ್ಮ ಮುಂದಿಡುತ್ತೇನೆ.

ಅಲೆಕ್ಸಾಂಡರ್ ಕಾಲ್ಡರ್, ಅಮೆರಿಕದವರು. ಮೊದಲು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. 1926ರಿಂದ 1931ರವರೆಗೆ ಪ್ಯಾರಿಸ್‌ನಲ್ಲಿ ಕೂತು ಒಂದು ಪೂರ್ತಿ ಸರ್ಕಸ್ ಮಾಡಿದರು. ತಂತಿ, ಬೆಂಡು, ಬಟ್ಟೆ ಚೂರು, ಗುಂಡಿ, ಇಷ್ಟರಲ್ಲೇ ಆನೆ, ಸಿಂಹ, ಜೋಕಾಲಿ ಹಾರುವವರು, ಕತ್ತಿ ನುಂಗುವವ. ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಿ, ಗೆಳೆಯರ ಮುಂದೆ ನೆಲದ ಮೇಲೆ ಮಂಡಿಯೂರಿ, ದಾರ ಎಳೆದು, ಹಿಡಿ ತಿರುಗಿಸಿ, ತಾವೇ ಸಿಂಹದಂತೆ ಗರ್ಜಿಸಿ ಆಡಿಸುತ್ತಿದ್ದರು. ದೊಡ್ಡ ದೇಹದ ಮನುಷ್ಯ, ಪುಟ್ಟ ಬೊಂಬೆ. ಜೋಕಾಲಿಯಿಂದ ಹಾರಿದ ಬೊಂಬೆ ಎದುರಿನ ಜೋಕಾಲಿಯನ್ನು ಹಿಡಿಯಬೇಕು. ತಂತಿಯ ಕೊಕ್ಕೆಯ ಬಾಗು ಒಂದಿಷ್ಟು ಜಾಸ್ತಿಯಾದರೂ ಸಿಕ್ಕುವುದಿಲ್ಲ. ತಂತಿಯ ಬಾಗು ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕೇ? ಮೋಂಡ್ರಿಯಾನ್‌ರಂಥ ಕಟ್ಟುನಿಟ್ಟಿನ ಚಿತ್ರಗಾರರೂ ಅದನ್ನು ನೋಡಲು ಕೂತಿದ್ದರು. ಈಗ ಅದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ. ಕಾಲ್ಡರ್ ಅದನ್ನು ಆಡಿಸುವ ಚಿತ್ರೀಕರಣ ಯೂಟ್ಯೂಬಿನಲ್ಲಿ ಸಿಗುತ್ತದೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಇನ್ನಿಬ್ಬರು ಸ್ವಿಟ್ಜರ್‌ಲೆಂಡಿನವರು, ಪೀಟರ್ ಫಿಶ್ಲಿ ಮತ್ತು ಡೇವಿಡ್ ವೈಸ್. ಜೋಡಿಯಾಗಿಯೇ ಕೆಲಸ ಮಾಡಿದರು, 2012ರಲ್ಲಿ ವೈಸ್ ತೀರಿಕೊಳ್ಳುವವರೆಗೆ. 1987ರಲ್ಲಿ ಅವರು ಮಾಡಿದ ಅರ್ಧ ಗಂಟೆಯ ಸಿನಿಮಾದಲ್ಲಿ ಒಬ್ಬ ನಟನೂ ಇಲ್ಲ. ಒಂದು ಗೋದಾಮು. ಟೈರು ಉರುಳಿ ಹಲಗೆಗೆ ತಾಗುತ್ತದೆ, ಹಲಗೆ ಬಿದ್ದು ಡಬ್ಬಿ ಮಗುಚುತ್ತದೆ, ಡಬ್ಬಿಯ ನೀರು ಇನ್ನೊಂದನ್ನು ತುಂಬಿ ಭಾರ ಮಾಡುತ್ತದೆ, ಅದು ವಾಲಿ ಬೆಂಕಿ ಹತ್ತಿಕೊಳ್ಳುತ್ತದೆ. ಹೀಗೇ ಸಾಗುತ್ತದೆ. ನನಗೆ ಬಹಳ ಇಷ್ಟ ಅದರ ನಿಧಾನ. ಕೆಲವು ಸಲ ಒಂದು ವಸ್ತು ಬೀಳಲೋ ಬೇಡವೋ ಎಂದು ತಡೆಯುತ್ತದೆ. ನಾವು ಉಸಿರು ಬಿಗಿ ಹಿಡಿದು, ಒಂದು ಹಳೇ ಟೈರಿಗೆ "ಬೀಳಪ್ಪಾ" ಎಂದು ಬೇಡಿಕೊಳ್ಳುತ್ತೇವೆ. ತೂಕ, ಇಳಿಜಾರು, ಎಷ್ಟು ಹೊತ್ತಿಗೆ ಏನು ಉರಿಯುತ್ತದೆ ಎಂಬ ಲೆಕ್ಕ ಎಲ್ಲ ಕೂಡಿ ಬರುವ ತನಕ ಮತ್ತೆ ಮತ್ತೆ ಮಾಡಿ ನೋಡದೆ ಇದು ಆಗುವ ಕೆಲಸವಲ್ಲ.

ಅವರದೇ 1981ರ ಇನ್ನೊಂದು ಕೆಲಸ ಇದೆ. ಸುಡದ ಹಸಿ ಮಣ್ಣಿನಲ್ಲಿ ಇನ್ನೂರಕ್ಕೂ ಹೆಚ್ಚು ಪುಟ್ಟ ದೃಶ್ಯಗಳು. ಜಗತ್ತಿನ ದೊಡ್ಡ ಗಳಿಗೆಗಳು, ಸಣ್ಣ ಗಳಿಗೆಗಳು ಎಲ್ಲ ಒಂದೇ ಮಣ್ಣಿನಲ್ಲಿ. ಒಂದರಲ್ಲಿ ಗಂಡ ಹೆಂಡತಿ ಹಾಸಿಗೆಯಲ್ಲಿ ಮಲಗಿದ್ದಾರೆ, ಅಷ್ಟೇ. ಹೆಸರು ಓದಿದರೆ, ಮುಂದೆ ಆಲ್ಬರ್ಟ್ ಎಂಬ ಮೇಧಾವಿಯಾಗುವ ಮಗ ಈಗತಾನೆ ಗರ್ಭದಲ್ಲಿ ಮೂಡಿದ ಹೊತ್ತಿನ ಐನ್‌ಸ್ಟೀನ್ ದಂಪತಿ! ಮಹಾಪುರುಷರ ಪ್ರತಿಮೆ ಕಂಚಿನಲ್ಲಿ ಎತ್ತರಕ್ಕೆ ನಿಲ್ಲಿಸುವ ಲೋಕದಲ್ಲಿ, ಅವನ ಕತೆ ಶುರುವಾದ ಹಾಸಿಗೆಯನ್ನು ಹಸಿ ಮಣ್ಣಿನಲ್ಲಿ ಮಾಡಿದರು. ನನಗೆ ಅದನ್ನು ನೋಡಿದಾಗಲೆಲ್ಲ ಮನುಷ್ಯರ ಮೇಲೆ ಪ್ರೀತಿ ಉಕ್ಕುತ್ತದೆ.

ಸುಮ್ನೆ ಏನೋ ಇಟ್ಟು ಹೆಸರು ಮಾಡಲು ನೋಡುವವರೂ ಇದ್ದಾರೆ, ಬಹಳ ಇದ್ದಾರೆ. ಅಂಥವರ ಕೆಲಸ ಒಮ್ಮೆ ನೋಡಿದರೆ ಮುಗಿಯಿತು, ಎರಡನೇ ಸಲ ನೋಡಲು ಅಲ್ಲಿ ಏನೂ ಇರುವುದಿಲ್ಲ. ನಿಮ್ಮ ಸುರಾಹಿಯನ್ನು ಜನ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರಲ್ಲ, ಕಾಲ್ಡರ್ ಸರ್ಕಸ್ಸನ್ನೂ ಹಾಗೆ ನೋಡಬಹುದು.

ಪ್ರಶ್ನೆ: ಹುಡುಗರು ಕಿಡಿಗೇಡಿ ಚಿತ್ರ ಬರೆದರೆ ಜಾಣ ಅನ್ನುತ್ತಾರೆ. ನಾನು ಬರೆದರೆ ಹೆಣ್ಣುಮಗಳಿಗೆ ಇದು ಬೇಕಾ ಅನ್ನುತ್ತಾರೆ. ಏನು ಮಾಡಲಿ ಸರ್?
— ಪಿಯುಸಿ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಬರಿ ಮಗಳೇ, ನಿಲ್ಲಿಸಬೇಡ. 1985ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ಹೆಣ್ಣುಮಕ್ಕಳು ಗೊರಿಲ್ಲಾ ಮುಖವಾಡ ಹಾಕಿಕೊಂಡು ಬೀದಿಗೆ ಇಳಿದರು. ತಮ್ಮ ಗುಂಪಿಗೆ ಗೆರಿಲ್ಲಾ ಗರ್ಲ್ಸ್ ಎಂದು ಹೆಸರಿಟ್ಟುಕೊಂಡರು. ನಿಜ ಹೆಸರು ಹೇಳಲಿಲ್ಲ, ತೀರಿಕೊಂಡ ಕಲಾವಿದೆಯರ ಹೆಸರು ಇಟ್ಟುಕೊಂಡರು. ನಗರದ ಅತಿ ದೊಡ್ಡ ಮ್ಯೂಸಿಯಂ ಒಳಗೆ ಹೋಗಿ ಎಣಿಸಿದರು. 1989ರ ಅವರ ಪೋಸ್ಟರ್ ಹೇಳಿದ್ದು ಇಷ್ಟು: ಆಧುನಿಕ ಕಲಾ ವಿಭಾಗದಲ್ಲಿ ಕಲಾವಿದೆಯರು ಶೇ. 5ಕ್ಕಿಂತ ಕಡಿಮೆ, ಆದರೆ ಬತ್ತಲೆ ಚಿತ್ರಗಳಲ್ಲಿ ಶೇ. 85 ಹೆಣ್ಣಿನವು. ಮ್ಯೂಸಿಯಂ ಒಳಗೆ ಹೋಗಲು ಹೆಂಗಸರು ಬಟ್ಟೆ ಬಿಚ್ಚಲೇಬೇಕೇ ಎಂದು ದೊಡ್ಡ ಅಕ್ಷರದಲ್ಲಿ ಕೇಳಿದರು. ನಗು ಬರುವ ಪೋಸ್ಟರ್ ಅದು. ಉತ್ತರ ಕೊಡಲು ಬಾಯಿ ಬಾರದ ಹಾಗೆಯೂ ಇದೆ.

ಫ್ರಾನ್ಸಿನ ನಿಕಿ ದ ಸೆಂಟ್ ಫಾಲ್ 1961ರಲ್ಲಿ ಪ್ಲಾಸ್ಟರ್ ಒಳಗೆ ಬಣ್ಣದ ಚೀಲ ಹುದುಗಿಸಿ, ಬಂದೂಕು ಎತ್ತಿ ಹೊಡೆದರು. ಬಿಳಿ ಹಲಗೆಯಿಂದ ಬಣ್ಣ ಸುರಿಯಿತು. ಮುಂದೆ ದೊಡ್ಡ ಮೈಯ, ಕುಣಿಯುವ, ಗಾಢ ಬಣ್ಣದ ಹೆಂಗಸರ ಮೂರ್ತಿ ಮಾಡಿದರು. ಅವರನ್ನು ಹುಡುಕಿ ನೋಡು. ಬೈಯುವವರು ಇದ್ದೇ ಇರುತ್ತಾರೆ. ನಿನ್ನ ಚಿತ್ರ ಯಾರನ್ನು ಚುಚ್ಚುತ್ತದೆ ಎನ್ನುವುದನ್ನು ಮಾತ್ರ ನೀನೇ ನೋಡಿಕೋ. ಕ್ಲಾಸಿನ ಬಡ ಹುಡುಗಿಯ ಹರಿದ ದಾವಣಿಯನ್ನು ಬರೆದು ನಗಿಸಿದರೆ ನಾನು ನಿನ್ನ ಪರ ನಿಲ್ಲುವುದಿಲ್ಲ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಶಾಲೆಯ ಗೋಡೆ ಮೇಲೆ ಗುರುಗಳ ವ್ಯಂಗ್ಯಚಿತ್ರ ಬರೆದಿದ್ದಾನೆ. ನನ್ನನ್ನು ಕರೆಸಿದ್ದರು. ಹೊಡೆಯಲೋ ಬಿಡಲೋ ತಿಳಿಯುತ್ತಿಲ್ಲ.
— ತಂದೆ, ಆಳಂದ

ಉತ್ತರ: ಹೊಡೆಯಬೇಡಿ. ಗೋಡೆ ಎಲ್ಲರದು, ಅದನ್ನು ಅವನ ಕೈಯಿಂದಲೇ ತೊಳೆಸಿ, ಇದರಲ್ಲಿ ರಿಯಾಯಿತಿ ಬೇಡ. ತೊಳೆಯುವ ಮೊದಲು ನೀವು ಚಿತ್ರವನ್ನು ಸರಿಯಾಗಿ ನೋಡಿ. ಗುರುಗಳು ಕನ್ನಡಕದ ಮೇಲಿಂದ ನೋಡುವ ರೀತಿ, ಸೀಮೆಸುಣ್ಣ ಹಿಡಿಯುವ ಬೆರಳು ಅದರಲ್ಲಿ ಬಂದಿದೆಯೇ? ಬಂದಿದ್ದರೆ ಹುಡುಗ ಪಾಠದ ಹೊತ್ತಿನಲ್ಲಿ ಕಣ್ಣು ತೆರೆದೇ ಕೂತಿದ್ದಾನೆ. ಬರೀ ಕೊಂಬು, ಬಾಲ ಹಚ್ಚಿದ್ದರೆ ಇನ್ನೂ ನೋಡಲು ಕಲಿಯಬೇಕು. ಒಂದು ಇನ್ನೂರು ಪುಟದ ನೋಟ್‌ಬುಕ್, 4ಬಿ ಪೆನ್ಸಿಲ್ ಕೊಡಿಸಿ. ಮೊದಲ ವ್ಯಂಗ್ಯಚಿತ್ರ ನಿಮ್ಮದೇ ಆಗಲಿ. ಭಾನುವಾರ ಒಂದು ಗಂಟೆ ಅವನ ಎದುರು ಕೂತುಕೊಳ್ಳಿ. ಮೂಗು ದೊಡ್ಡದು ಮಾಡಿದರೆ ತಡೆಯಬೇಡಿ. ಗುರುಗಳು ಒಪ್ಪಿದರೆ ಎರಡನೆಯದು ಅವರದು, ಈ ಸಲ ಅವರ ಮುಂದೆಯೇ ಕೂತು ಬರೆಯಲಿ.